ಬಟ್ಟೆ ಹೊದಿಸಿದ ಮೇಲೆ

ಚಿಕ್ಕೋಡಿ ಬಿಟ್ಟು ಕಬ್ಬೂರ ಕಡೆಗೆ ಹೊರಟರೆ, ಊರು ಮುಗಿದು ಕಬ್ಬಿನ ಹೊಲ ಶುರುವಾಗುವಲ್ಲಿ ಕಾಲೇಜಿನ ಕಮಾನು ಸಿಗುತ್ತದೆ. ಕಮಾನಿನ ಎದುರಿಗೆ, ರಸ್ತೆಯ ಈಚೆ ಬದಿಗೆ ತಗಡಿನ ಮಾಡಿನದೊಂದು ಅಂಗಡಿ. ಬೋರ್ಡಿನ ಮೇಲೆ 'ಸನ್ಮತಿ ಬನ್ ಸೆಂಟರ್' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದೆ. ಹುಡುಗರು ಮಾತ್ರ ಅದನ್ನು ಯಾವ ಭಾಷೆಯಲ್ಲೂ ಹಾಗೆ ಕರೆದವರಲ್ಲ. ಅವರ ಬಾಯಲ್ಲಿ ಅದು ತಾತ್ಯಾ ಕಾಕಾನ ಅಂಗಡಿ.

ತಾತ್ಯಾಸಾಹೇಬ ಮೂಲತಃ ಬೇಡಕಿಹಾಳದವನು. ಅಣ್ಣಂದಿರು ಕಬ್ಬಿನ ಗದ್ದೆ ಹಿಡಿದರು, ಇವನು ಹಿಟ್ಟು ಹಿಡಿದ. ಇಚಲಕರಂಜಿಯ ಬೇಕರಿಯಲ್ಲಿ ಭಟ್ಟಿಯ ಮುಂದೆ ಬೆವರು ಸುರಿಸಿ ಕೆಲಸ ಕಲಿತು, ಲಗ್ನವಾದ ಮೇಲೆ ಹೆಂಡತಿ ಮಂಗಲಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಅಂಗಡಿಯ ಹಿಂದೆಯೇ ಎರಡು ಕೋಣೆ, ಅದರ ಹಿಂದೆ ಇಟ್ಟಿಗೆಯ ಭಟ್ಟಿ. ಬನ್ನು ಅವನ ಕೈಗೆ ಒಲಿದಿತ್ತು. ಬಿಸಿ ಬನ್ನನ್ನು ಅಡ್ಡ ಸೀಳಿ, ಬೆಣ್ಣೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ನಡುವೆ ಸೌತೆಕಾಯಿಯ ಬಿಲ್ಲೆ ಇಟ್ಟು ಕಾವಲಿಯ ಮೇಲೆ ಒತ್ತಿ ಕೊಟ್ಟರೆ ಎಂಥ ಪರೀಕ್ಷೆಯಲ್ಲಿ ನಪಾಸಾದವನೂ ಅರೆಗಳಿಗೆ ಮುಖ ಅರಳಿಸುತ್ತಿದ್ದ. ಜೈನನ ಅಂಗಡಿಯಾದ್ದರಿಂದ ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆಯ ಮಾತೇ ಇಲ್ಲ. ಬನ್ನಿನೊಳಗಿಡುವ ವಡೆ ಬಾಳೆಕಾಯಿಯದು. ಹೊಸದಾಗಿ ಬಂದ ಹುಡುಗರು ಮೂಗು ಮುರಿಯುತ್ತಿದ್ದರು, ವರ್ಷ ತುಂಬುವುದರೊಳಗೆ ಅದನ್ನೇ ಹುಡುಕಿಕೊಂಡು ಬರುತ್ತಿದ್ದರು.

ಇಷ್ಟೆಲ್ಲ ಚಂದ ನಡೆಯುತ್ತಿದ್ದ ಅಂಗಡಿ, ನಾಲ್ಕು ಜನ ಬಂದು ಕೂಡುವ ಹೊತ್ತಿಗೆ ಸರಿಯಾಗಿ ಬಂದ್ ಆಗುತ್ತಿತ್ತು. ಕಾಲೇಜಿನ ನೀರಿನ ಟಾಕಿಯ ಹಿಂದೆ ಸೂರ್ಯ ಇಳಿದನೆಂದರೆ ತಾತ್ಯಾಸಾಹೇಬ ಒಲೆ ಆರಿಸುತ್ತಿದ್ದ. ಉಳಿದ ಬನ್ನುಗಳ ಟ್ರೇ ಮೇಲೆ ಒಗೆದ ಬಿಳಿ ಬಟ್ಟೆ ಹೊದಿಸಿ, ನಾಲ್ಕೂ ಅಂಚು ಒಳಗೆ ಸಿಕ್ಕಿಸಿ ಕೈಮುಗಿಯುತ್ತಿದ್ದ. ಒಮ್ಮೆ ಬಟ್ಟೆ ಹೊದಿಸಿದರೆ ಆಯಿತು, ಮರುದಿನ ಬೆಳಗಾಗುವ ತನಕ ಅದನ್ನು ಎತ್ತುವಂತಿರಲಿಲ್ಲ. ಜನರೇನು ನಾಲಿಗೆ ಕಟ್ಟಿಕೊಂಡಿರುತ್ತಾರೆಯೇ. ಸುಹಾಸ ಎಂಬ ಹುಡುಗನೊಬ್ಬ, "ಕಾಕಾ, ಸೂರ್ಯಾನೂ ಅಂಗಡ್ಯಾಗ ಪಾರ್ಟನರ್ ಏನ್ರಿ?" ಎಂದು ದಿನವೂ ಕಾಡುತ್ತಿದ್ದ. ಪಕ್ಕದಲ್ಲಿ ಎಗ್‌ರೈಸಿನ ಗಾಡಿ ಹಚ್ಚುವ ಅಣ್ಣಾಸಾಬನಿಗೆ ಮಾತ್ರ ಈ ನೇಮದಿಂದ ಹಬ್ಬ. ಬಟ್ಟೆ ಬಿದ್ದ ಕೂಡಲೇ ಗಿರಾಕಿಗಳೆಲ್ಲ ಅವನ ಕಡೆಗೆ ಹೊರಳುತ್ತಿದ್ದರು. ಅವನು ನಗುತ್ತ, "ತಾತ್ಯಾ, ನಿಮ್ಮ ನೇಮ ನೂರು ವರ್ಷ ನಡೀಲಿ" ಎಂದು ಹರಸುತ್ತಿದ್ದ.

ನಗುವವರಿಗೆ ಆ ನೇಮ ಹುಟ್ಟಿದ ಬಗೆ ಗೊತ್ತಿರಲಿಲ್ಲ. ತಾತ್ಯಾಸಾಹೇಬನಿಗೆ ಒಬ್ಬನೇ ಮಗ, ವೃಷಭ. ಅವನು ಸಣ್ಣವನಿದ್ದಾಗ ಮಿದುಳಿಗೆ ಜ್ವರ ಏರಿ ಮಿರಜದ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ. ಡಾಕ್ಟರರು ಕೈಚೆಲ್ಲುವ ಮಾತಾಡಿದ್ದರು. ಅದೇ ಸಮಯಕ್ಕೆ ಬೇಡಕಿಹಾಳದಲ್ಲಿ ಮುನಿ ಮಹಾರಾಜರೊಬ್ಬರ ಚಾತುರ್ಮಾಸ ನಡೆದಿತ್ತು. ತಾತ್ಯಾಸಾಹೇಬ ಆಸ್ಪತ್ರೆಯಿಂದ ನೇರ ಓಡಿಹೋಗಿ ಅವರ ಮುಂದೆ ಬಿದ್ದ. ಹೊತ್ತು ಮುಳುಗಿದ ಮೇಲೆ ತಾನು ಉಣ್ಣುವುದಿಲ್ಲ ಎಂದ. ಮಹಾರಾಜರು ಆಗಲಿ ಎಂದು ಕೈ ಎತ್ತಿದರು. ಅಷ್ಟಕ್ಕೇ ಸುಮ್ಮನಿದ್ದರೆ ಈ ಕಥೆ ಇರುತ್ತಿರಲಿಲ್ಲ. ತಂದೆಯ ಕರುಳಿನ ಆಸೆ ದೊಡ್ಡದು, ಮಗನ ಜೀವಕ್ಕೆ ಅಷ್ಟು ಸಾಲದೇನೋ ಅನಿಸಿತು. ಹೊತ್ತು ಮುಳುಗಿದ ಮೇಲೆ ನನ್ನ ಕೈಯಿಂದ ಇನ್ನೊಬ್ಬರಿಗೂ ಒಂದು ಅಗುಳು ಕೊಡುವುದಿಲ್ಲ, ತಗೋ ಎಂದು ಬಾಯಲ್ಲೂ ಅನ್ನುವುದಿಲ್ಲ ಎಂದುಬಿಟ್ಟ.

"ಅಷ್ಟು ಬಿಗಿ ಯಾಕ ಮಾಡ್ಕೋತಿ? ನಿನ್ನ ಬಾಯಿಗೆ ನೇಮ ಸಾಕು. ನಡಸಾಕ ಆಗೂವಷ್ಟು ತಗೋ" ಎಂದು ಮಹಾರಾಜರು ತಿಳಿಹೇಳಿದರು. ಇವನು ಕೇಳಲಿಲ್ಲ. ಆ ವಾರದಲ್ಲೇ ಮಗ ಕಣ್ಣು ತೆರೆದು ಗಂಜಿ ಕುಡಿದ. ಅಂದಿನಿಂದ ತಾತ್ಯಾಸಾಹೇಬನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಟ್ರೇ ಮೇಲಿನ ಬಟ್ಟೆ ಮತ್ತು ಮಗನ ಉಸಿರು ಎರಡೂ ಒಂದೇ. ಬಟ್ಟೆ ಎತ್ತಿದರೆ ಮಗ ಹೋದ. ಈ ಮಾತನ್ನು ಅವನು ಮಂಗಲಳ ಎದುರಿಗೆ ಬಿಟ್ಟರೆ ಮತ್ತೆ ಯಾರೆದುರಿಗೂ ಆಡಿರಲಿಲ್ಲ.

ಕೋಮಲ ಅಂಗಡಿಗೆ ಬರತೊಡಗಿದ್ದು ಬಿ.ಎಸ್ಸಿ. ಮೊದಲ ವರ್ಷದಲ್ಲಿ. ಅವಳಪ್ಪ ಮಾಳಸಿದ್ದ ಕುರಿ ಕಾಯುವವನು, ಹಿಂಡು ಹೊಡೆದುಕೊಂಡು ಊರೂರು ತಿರುಗುವ ಜೀವ. ಮಗಳನ್ನು ಕಬ್ಬೂರಿನಲ್ಲಿ ತನ್ನ ತಾಯಿ ದುಂಡವ್ವನ ಕೈಯಲ್ಲಿ ಬಿಟ್ಟಿದ್ದ. ತೆಳ್ಳಗಿನ ಹುಡುಗಿ, ಮಾತು ಕಡಿಮೆ. ಉಳಿದ ಹುಡುಗರು "ಕಾಕಾ, ಒಂದ್ ತಗೊಂಡೇನ್ರಿ" ಎನ್ನುತ್ತ ಟ್ರೇಗೇ ಕೈ ಹಾಕುತ್ತಿದ್ದರು. ಕೋಮಲ ಮಾತ್ರ ಮೆಟ್ಟಿಲ ಕೆಳಗೇ ನಿಂತು ಎರಡೂ ಅಂಗೈ ಜೋಡಿಸಿ ಮುಂದೆ ಚಾಚುತ್ತಿದ್ದಳು. ಪ್ರಸಾದ ಇಸಿದುಕೊಳ್ಳುವ ಹಾಗೆ ಬನ್ನು ಇಸಿದುಕೊಳ್ಳುತ್ತಿದ್ದಳು. ಇದೇನು ಮರ್ಯಾದೆಯ ಹುಡುಗಿ ಎಂದು ತಾತ್ಯಾಸಾಹೇಬನಿಗೆ ಅವಳ ಮೇಲೆ ಅಕ್ಕರೆ ಬೆಳೆಯಿತು.

ಒಂದು ಸಂಜೆ ಭಟ್ಟಿಯ ಮರೆಯಲ್ಲಿ ಆಕೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ಮಂಗಲ ಕಂಡಳು. ಗದರಿಸಿ ಕೇಳಿದಾಗ ಹುಡುಗಿ ಅತ್ತುಬಿಟ್ಟಳು. ಸಣ್ಣಂದಿನಿಂದ ಅವಳಿಗೆ ಸಕ್ಕರೆ ಕಾಯಿಲೆ, ಗುಳಿಗೆ ನಡೆಯುವುದಿಲ್ಲ, ಸೂಜಿಯೇ ಬೇಕು. "ಯಾರಿಗೂ ಹೇಳಬ್ಯಾಡ್ರಿ ಕಾಕು. ಮಂದಿಗೆ ಗೊತ್ತಾದ್ರ ನಾಳೆ ನನ್ನ ಯಾರೂ ಮಾಡ್ಕೊಳ್ಳಾಂಗಿಲ್ಲ" ಎಂದಳು. ಮಂಗಲ ಅವಳಿಗೆ ಒಳಗಿನ ಕೋಣೆ ತೋರಿಸಿದಳು, ಗಂಡನಿಗೂ ಮಗನಿಗೂ ಮಾತ್ರ ವಿಷಯ ತಿಳಿಸಿದಳು. "ಸೂಜಿ ಮಾಡ್ಕೊಂಡ ಮ್ಯಾಲ ಆ ಹುಡುಗಿ ತಡಾ ಮಾಡ್ದ ತಿನ್ನಾಕ ಬೇಕು. ತಿನ್ನಲಿಲ್ಲಂದ್ರ ಮೈಯಾನ ಸಕ್ರಿ ಪೂರಾ ಇಳಿದು ಎಚ್ಚರ ತಪ್ಪತೈತಂತ. ಹಂಗೇನಾರ ಆದ್ರ ಲಗೂನ ಬಾಯಿಗೆ ಸಕ್ರಿ ಹಾಕಬೇಕು. ನೆನಪಿಟ್ಕೋರಿ ಇಬ್ರೂ."

ತಾತ್ಯಾಸಾಹೇಬ ನೆನಪಿಟ್ಟುಕೊಂಡ. ಅಂದಿನಿಂದ ಸಂಜೆ ಎಷ್ಟೇ ಗದ್ದಲವಿರಲಿ, ಕೋಮಲಳ ಬನ್ನು ಕಾವಲಿಯ ಅಂಚಿನಲ್ಲಿ ಬೆಚ್ಚಗೆ ಕಾಯುತ್ತಿತ್ತು. ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಸೂಜಿ ಮುಗಿಸಿ, ಮತ್ತೆ ಮೆಟ್ಟಿಲ ಕೆಳಗೆ ಬಂದು ಅಂಗೈ ಚಾಚಿದರೆ ಬನ್ನು ಕೈಗೆ ಬೀಳುತ್ತಿತ್ತು. ತಿಂದು, ನೀರು ಕುಡಿದು, ಕಬ್ಬೂರ ಬಸ್ಸಿಗಾಗಿ ಚಿಕ್ಕೋಡಿ ಕಡೆಯ ಫಾಟಾಕ್ಕೆ, ರಸ್ತೆ ಕವಲೊಡೆಯುವಲ್ಲಿಗೆ, ನಡೆದು ಹೋಗುತ್ತಿದ್ದಳು, ಏಕೆಂದರೆ ಕಾಲೇಜಿನ ಮುಂದೆ ಆ ಬಸ್ಸು ನಿಲ್ಲುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು.

ಅದು ಚಳಿಗಾಲದ ಅಮಾವಾಸ್ಯೆಯ ದಿನ. ಮಂಗಲ ತಾಯಿಗೆ ಆರಾಮ ಇಲ್ಲವೆಂದು ರಾಯಬಾಗಕ್ಕೆ ಹೋಗಿದ್ದಳು. ಅಮಾವಾಸ್ಯೆಗೆ ಅಣ್ಣಾಸಾಬ ಗಾಡಿ ಹಚ್ಚುವುದಿಲ್ಲ, ಅದರ ಮೇಲೆ ತಾಡಪತ್ರಿ ಹೊದಿಸಿ ಮನೆಯಲ್ಲಿ ಕೂತಿದ್ದ. ಕಬ್ಬಿನ ಹಂಗಾಮು ಜೋರು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು. ವೃಷಭ ಈಗ ನಿಪ್ಪಾಣಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ದಿನವೂ ಬೈಕಿನ ಮೇಲೆ ಓಡಾಟ. ಹೊರಡುವಾಗ ತಪ್ಪದೆ ಫೋನು ಮಾಡುತ್ತಿದ್ದ. ಅಂದು ಮಾಡಿರಲಿಲ್ಲ.

ಸೂರ್ಯ ಟಾಕಿಯ ತುದಿಗೆ ಬಂದಿದ್ದಾಗ ಚಿಕ್ಕೋಡಿಯಿಂದ ಬಂದ ಸುಹಾಸ ಸುದ್ದಿ ತಂದ. "ನಿಪ್ಪಾಣಿ ರಸ್ತೆಕ ಕಬ್ಬಿನ ಟ್ರಾಲಿ ಪಲ್ಟಿ ಆಗೇತ್ರಿ ಕಾಕಾ. ಬೈಕಿನವ ಒಬ್ಬ ಅಡಿಯಾಗ ಸಿಕ್ಕಾನಂತ."

ತಾತ್ಯಾಸಾಹೇಬ ಮಗನ ಫೋನಿಗೆ ಹಚ್ಚಿದ, ಬಂದ್ ಆಗಿತ್ತು. ಮತ್ತೆ ಮತ್ತೆ ಹಚ್ಚಿದ, ಅದೇ ಹೆಣ್ಣಿನ ದನಿ ಅದೇ ಮಾತು ಹೇಳಿತು. ಸುಹಾಸ ಹೋದ, ಗಿರಾಕಿಗಳು ಕರಗಿದರು. ಕೋಮಲಳ ಬನ್ನು ಕಾವಲಿಯ ಅಂಚಿನಲ್ಲೇ ಉಳಿದಿತ್ತು. ಅವಳು ಬರಲಿಲ್ಲವಲ್ಲ ಎಂದು ಒಮ್ಮೆ ಅನಿಸಿ, ಆ ಯೋಚನೆ ಮಗನ ಯೋಚನೆಯಲ್ಲಿ ಮುಳುಗಿಹೋಯಿತು. ಸೂರ್ಯ ಇಳಿದ. ತಾತ್ಯಾಸಾಹೇಬ ಒಲೆ ಆರಿಸಿ, ಆ ಬನ್ನನ್ನೂ ಟ್ರೇಗೆ ಹಾಕಿ, ಬಟ್ಟೆ ಹೊದಿಸಿ ಅಂಚು ಸಿಕ್ಕಿಸಿದ. ಯಾವತ್ತೂ ಇಲ್ಲದಷ್ಟು ಬಿಗಿಯಾಗಿ ಸಿಕ್ಕಿಸಿದ. ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದ.

"ಕಾಕಾ."

ಕಣ್ಣು ತೆರೆದರೆ ಮೆಟ್ಟಿಲ ಕೆಳಗೆ ಕೋಮಲ. ಅಂಥ ಚಳಿಯಲ್ಲೂ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಅಂದು ಅವಳ ಪ್ರಾಕ್ಟಿಕಲ್ ಪರೀಕ್ಷೆ. ಮುಂದಿನ ವೈವಾ ನಿನ್ನದೇ, ಈಗ ಮುಗಿದುಹೋಗುತ್ತದೆ ಎಂದು ಲ್ಯಾಬಿನವರು ಹೇಳಿದ್ದರಿಂದ ಕಾಲೇಜಿನಲ್ಲೇ ಸೂಜಿ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಚಹಾಕ್ಕೆ ಎದ್ದುಹೋದರು. ಚೀಲದಲ್ಲಿ ಇಟ್ಟುಕೊಂಡಿದ್ದ ಪೆಪ್ಪರ್‌ಮಿಂಟು ಅವಳು ಕಾಯುತ್ತ ನಿಂತಲ್ಲೇ ತೀರಿದ್ದವು.

"ಒಂದ್ ಬನ್ನು ಕೊಡ್ರಿ ಕಾಕಾ. ಕಾಸೂದು ಬ್ಯಾಡ, ಬರೇ ಬನ್ನು."

"ಬಟ್ಟಿ ಹೊಚ್ಚೇನವ್ವಾ" ಎಂದ ತಾತ್ಯಾಸಾಹೇಬ.

"ಸೂಜಿ ಮಾಡ್ಕೊಂಡೇನ್ರಿ. ವೈವಾ ತಡಾ ಆತು." ಅವಳ ಅಂಗೈಗಳು ಎಂದಿನಂತೆ ಮುಂದೆ ಬಂದಿದ್ದವು. ಬೆರಳುಗಳು ನಡುಗುತ್ತಿದ್ದವು.

ತಾತ್ಯಾಸಾಹೇಬ ಆ ಅಂಗೈಗಳನ್ನು ನೋಡಿದ, ಟ್ರೇ ಮೇಲಿನ ಬಟ್ಟೆಯನ್ನು ನೋಡಿದ. ಬಟ್ಟೆಯ ಅಡಿಯಲ್ಲಿ ಅವಳದೇ ಬನ್ನು ಇನ್ನೂ ಬೆಚ್ಚಗಿತ್ತು. ಈ ಹುಡುಗಿ ತಿನ್ನದಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಬಟ್ಟೆ ಎತ್ತಿದರೆ ಏನಾಗುತ್ತದೆಂಬುದು ಅದಕ್ಕಿಂತ ಹೆಚ್ಚು ಗೊತ್ತು. ನಿಪ್ಪಾಣಿ ರಸ್ತೆಯಲ್ಲಿ ಟ್ರಾಲಿಯ ಅಡಿಗೆ ಸಿಕ್ಕವನು ಯಾರೆಂದು ಇನ್ನೂ ತಿಳಿದಿಲ್ಲ, ಈ ಗಳಿಗೆಯಲ್ಲಿ ತಾನು ನೇಮ ಮುರಿದರೆ ಅದು ವೃಷಭನೇ ಆಗಿಬಿಡುತ್ತಾನೆ. ಕೊಡುವಂತಿಲ್ಲ. ತಗೋ ಎನ್ನುವಂತೆಯೂ ಇಲ್ಲ. ಆಗ ಅವನಿಗೊಂದು ದಾರಿ ಹೊಳೆಯಿತು. ತಾನು ನೋಡದಿದ್ದರೆ? ಅವಳೇ ಬಟ್ಟೆ ಸರಿಸಿ ತೆಗೆದುಕೊಂಡರೆ ಅದು ತನ್ನ ಕೈಯಿಂದ ಹೋದದ್ದಲ್ಲ, ತಾನು ಹೇಳಿದ್ದೂ ಅಲ್ಲ. ಹುಡುಗಿಯೂ ಉಳಿದಾಳು, ಮಗನೂ ಉಳಿದಾನು.

ತಾತ್ಯಾಸಾಹೇಬ ಬೆನ್ನು ತಿರುಗಿಸಿದ.

ಗೋಡೆಯ ಕಡೆ ಮುಖ ಮಾಡಿ, ಅವಳಿಗೆ ಸಮಯ ಸಿಗಲೆಂದು ತೊಳೆದಿಟ್ಟ ಡಬ್ಬಿಗಳನ್ನು ಆಚೆ ಈಚೆ ಮಾಡಿದ. ಬಟ್ಟೆ ಸರಿಯುವ ಸಪ್ಪಳಕ್ಕೆ ಕಿವಿಗೊಟ್ಟು ನಿಂತ. ತಗೋಳೇ ತಾಯಿ, ತಗೊಂಡು ಹೋಗು ಎಂದು ಮನಸ್ಸಿನಲ್ಲೇ ಅಂಗಲಾಚಿದ. ಹೊರಗೆ ಟ್ರ್ಯಾಕ್ಟರೊಂದು ಹಾಡು ಒದರುತ್ತ ಹಾದುಹೋಯಿತು. ಅದರ ಗದ್ದಲ ಇಳಿದ ಮೇಲೆ, ಇಷ್ಟೊತ್ತಿಗೆ ತೆಗೆದುಕೊಂಡಿರುತ್ತಾಳೆ ಎಂದು ತಿರುಗಿದ. ಬಟ್ಟೆ ಅವನು ಸಿಕ್ಕಿಸಿದ ಹಾಗೆಯೇ ಇತ್ತು. ಮೆಟ್ಟಿಲ ಕೆಳಗೆ ಯಾರೂ ಇರಲಿಲ್ಲ.

ಬೆನ್ನಿನ ಭಾಷೆ ಆ ಹುಡುಗಿಗೆ ಹೇಗೆ ತಿಳಿಯಬೇಕು? ಮುಖ ತಿರುಗಿಸಿದರೆ ನಡಿ ಎಂದೇ ಲೋಕದಲ್ಲೆಲ್ಲ ಅರ್ಥ. ಅವನೊಬ್ಬನ ಲೆಕ್ಕದಲ್ಲಿ ಮಾತ್ರ ಅದು ತಗೋ ಎಂದಾಗಿತ್ತು.

ಹೊರಗೆ ಬಂದು ನೋಡಿದ. ಮಬ್ಬಿನಲ್ಲಿ, ರಸ್ತೆಯ ಅಂಚು ಹಿಡಿದು, ಫಾಟಾದ ಕಡೆಗೆ ಹೋಗುತ್ತಿದ್ದಳು. ಕಾಲು ನೆಟ್ಟಗೆ ಬೀಳುತ್ತಿರಲಿಲ್ಲ. "ಕೋಮಲಾ" ಎಂದು ಕೂಗಿದ, ಅದು ಇನ್ನೊಂದು ಟ್ರ್ಯಾಕ್ಟರಿನ ಹಾಡಿನಲ್ಲಿ ಸತ್ತಿತು. ಓಡಿಹೋಗಬೇಕೆಂದು ಅಂಗಳಕ್ಕೆ ಇಳಿದ, ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಅಪ್ಪಾ, ನಾ ವೃಷಭ. ನನ್ನ ಫೋನ್ ಚಾರ್ಜ್ ಹೋಗೇತಿ, ಮಂದಿ ಫೋನಿಂದ ಮಾತಾಡಾಕತ್ತೇನಿ. ರಸ್ತೆದಾಗ ಟ್ರಾಲಿ ಬಿದ್ದು ತಡಾ ಆತು. ಚಿಕ್ಕೋಡಿಗೆ ಬಂದೇನಿ, ಈಗ ಬರ್ತೇನಿ."

ತಾತ್ಯಾಸಾಹೇಬ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಅತ್ತ. ನೇಮ ಕಾಯಿತು, ಮಗ ಉಳಿದ ಎಂದು ಎರಡೂ ಕೈ ಎತ್ತಿ ಮುಗಿದ. ಹೇಳಲು ನಾಚಿಕೆಯಾಗುವ ಮಾತು, ಆದರೂ ನಡೆದದ್ದು ಹಾಗೆಯೇ. ಆ ಖುಷಿಯಲ್ಲಿ ಅವನಿಗೆ ಹುಡುಗಿಯ ನೆನಪೇ ಆಗಲಿಲ್ಲ.

ಬೈಕಿನ ಬೆಳಕು ಅಂಗಳಕ್ಕೆ ಬಂದಾಗ ನಗುತ್ತ ಎದ್ದು ನಿಂತ. ಬೈಕಿನ ಮೇಲೆ ವೃಷಭನ ಹಿಂದೆ ಯಾರೋ ದಾರಿಹೋಕ, ಇಬ್ಬರ ನಡುವೆ ಕೋಮಲ. ಅವಳ ತಲೆ ಮಗನ ಹೆಗಲ ಮೇಲೆ ವಾಲಿತ್ತು.

"ಅಪ್ಪಾ, ಸಕ್ರಿ ತಾ, ಲಗೂನ" ಎಂದ ವೃಷಭ. "ಫಾಟಾದ ಈಚಿಗೆ ಕಬ್ಬಿನ ಬದುವಿನ್ಯಾಗ ಬಿದ್ದಿದ್ಳು. ಟ್ರ್ಯಾಕ್ಟರಿನವರು ನೋಡ್ಕೋತ ಹೋಗ್ಯಾರ, ಕುಡದು ಬಿದ್ದೋರ ಅಂತ ತಿಳಿದಾರ."

ಆಗ ತಾತ್ಯಾಸಾಹೇಬ ನೇಮ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಬಟ್ಟೆ ಕಿತ್ತೆಸೆದ, ಬನ್ನು ಚೆಲ್ಲಾಡಿದವು. ಸಕ್ಕರೆ ಡಬ್ಬಿ ತಂದು ಹುಡುಗಿಯ ತುಟಿಗೆ ಹಚ್ಚಿದ. ಹಲ್ಲು ಕಚ್ಚಿಕೊಂಡಿದ್ದವು. ಸಕ್ಕರೆ ಗಲ್ಲದ ಮೇಲಿಂದ ಕೆಳಗೆ ಉದುರಿತು. "ನುಂಗವ್ವಾ, ನುಂಗ" ಎನ್ನುತ್ತ ಮತ್ತೆ ಮತ್ತೆ ಹಚ್ಚಿದ. ಕೊನೆಗೆ ಮಗನೇ ಅವನ ಕೈ ಹಿಡಿದು ಸರಿಸಿ, ದಾರಿಯಲ್ಲಿ ಹೋಗುತ್ತಿದ್ದ ಜೀಪು ತಡೆದು ಹುಡುಗಿಯನ್ನು ಚಿಕ್ಕೋಡಿಗೆ ಒಯ್ದ. ಅಲ್ಲಿಂದ ಮಿರಜಕ್ಕೆ ಒಯ್ದರು. ಮೈಗೆ ಗ್ಲುಕೋಸು ಏರಿತು, ಮಿದುಳು ಮರಳಲಿಲ್ಲ. ಹಿಂದೆ ವೃಷಭ ಕಣ್ಣು ತೆರೆದಿದ್ದ ಅದೇ ಆಸ್ಪತ್ರೆಯಲ್ಲಿ ಕೋಮಲ ಕಣ್ಣು ತೆರೆಯದೆ ಹೋದಳು.

ರಾಯಬಾಗದಿಂದ ಬಂದ ಮಂಗಲಳ ಮುಂದೆ ತಾತ್ಯಾಸಾಹೇಬ ಏನನ್ನೂ ಮುಚ್ಚಿಡಲಿಲ್ಲ. ಬನ್ನು ಕೇಳಿದ್ದು, ಬೆನ್ನು ತಿರುಗಿಸಿದ್ದು, ಫೋನು ಬಂದದ್ದು ಎಲ್ಲವನ್ನೂ ಹೇಳಿದ. ವೃಷಭ ಬಾಗಿಲಲ್ಲೇ ನಿಂತು ಕೇಳಿದ. "ನಿನ್ನ ಸಲುವಾಗಿ..." ಎಂದು ಅಪ್ಪ ಬಾಯಿ ತೆರೆಯುವುದರೊಳಗೆ ಮಂಗಲ ತಡೆದಳು.

"ಆ ಮಾತ್ ಬ್ಯಾಡ್ರಿ. ಮಗನ ಜೀವಕ್ಕ ಅಂತ ಅನ್ನಬ್ಯಾಡ್ರಿ. ಅವ ಇನ್ನೂ ಬಾಳಬೇಕು, ಅವನ ಹೆಗಲ ಮ್ಯಾಲ ಆ ಹುಡುಗಿನ ಹೊರಸಬ್ಯಾಡ್ರಿ."

ಅಷ್ಟು ಹೇಳಿ ಆ ಬಿಳಿ ಬಟ್ಟೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ವೃಷಭ ಅಪ್ಪನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಿಪ್ಪಾಣಿಯಲ್ಲೇ ಕೋಣೆ ಮಾಡಿದ. ಭಾನುವಾರ ಬಂದರೆ ತಾಯಿಯೊಡನೆ ಮಾತಾಡಿ ಹೊರಟುಬಿಡುತ್ತಿದ್ದ, ಅಪ್ಪನ ಕೈಯಿಂದ ನೀರು ಕೂಡ ಕುಡಿಯುತ್ತಿರಲಿಲ್ಲ. ಅಂಗಡಿ ನಡೆಯುತ್ತಲೇ ಇತ್ತು. ಹೊತ್ತು ಮುಳುಗಿದರೆ ಟ್ರೇ ಬಯಲಿಗೇ ಇರುತ್ತಿತ್ತು. ತಾತ್ಯಾಸಾಹೇಬ ಅದರ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದ. ಸುಹಾಸನೂ ಚೇಷ್ಟೆ ಬಿಟ್ಟಿದ್ದ.

ಕಬ್ಬು ಕಡಿದು ಖಾಲಿಯಾದ ಎದುರಿನ ಹೊಲದಲ್ಲಿ, ಗೊಬ್ಬರಕ್ಕೆಂದು ಕುರಿ ಹಿಂಡೊಂದು ಬಂದು ತಂಗಿತು. ಹೊತ್ತು ಮುಳುಗಿದ ಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡ ಒಬ್ಬ ಬಂದು ಮೆಟ್ಟಿಲ ಕೆಳಗೆ ನಿಂತ. ನಿಂತ ರೀತಿ ನೋಡಿಯೇ ತಾತ್ಯಾಸಾಹೇಬನಿಗೆ ಅವನು ಯಾರೆಂದು ತಿಳಿಯಿತು.

"ನಾ ಮಾಳಸಿದ್ದರಿ, ಕೋಮಲನ ಅಪ್ಪ. ನಿಮ್ಮ ಮಗಾ ಕೈ ಮ್ಯಾಲ ಹೊತ್ಕೊಂಡು ಹೋಗಿದ್ದಂತ. ಅವಂಗ ದೇವ್ರು ಚಲೋ ಮಾಡ್ಲಿ." ಹೆಗಲ ಕಂಬಳಿ ಸರಿಪಡಿಸಿಕೊಂಡು ಮುಂದುವರಿಸಿದ. "ಒಂದ ಮಾತು ಕೇಳಾಕ ಬಂದೇನ್ರಿ. ನಮ್ಮ ಮುದಿಕಿ, ಹುಡುಗಿ ಹಸಗೊಂಡು ಹೋತು ಅಂತ ದಿನಾ ಅಳತಾಳ. ಆಕಿ ಅವತ್ತ ಇಲ್ಲಿ ಏನಾರ ತಿಂದಿದ್ದಳೇನ್ರಿ?"

ತಿಂದಿದ್ದಳು ಎಂದು ಒಂದು ಮಾತು ಹೇಳಿದ್ದರೆ ಕಬ್ಬೂರಿನಲ್ಲಿ ಒಬ್ಬ ಮುದುಕಿಯ ಅಳು ನಿಲ್ಲುತ್ತಿತ್ತು. ತಾತ್ಯಾಸಾಹೇಬನ ಬಾಯಿಗೆ ಅದು ಬಂದೂ ಇತ್ತು. ಆದರೆ ಇನ್ನೊಂದು ಸಲ ಮುಖ ತಿರುಗಿಸಲು ಅವನಿಂದ ಆಗಲಿಲ್ಲ.

"ಇಲ್ರಿ. ಕೇಳಿದ್ಳು. ನಾ ಕೊಡಲಿಲ್ಲ."

ಮಾಳಸಿದ್ದ ಯಾಕೆಂದು ಕೇಳುವ ಮೊದಲು ಇವನೇ ಹೇಳಿದ. ನೇಮದ ಕಥೆ, ಮಗನ ಜ್ವರ, ಟ್ರಾಲಿ ಬಿದ್ದ ಸುದ್ದಿ ಎಲ್ಲ ಹೇಳಿದ. "ಆಕಿ ತಾನ ಬಟ್ಟಿ ಸರಿಸಿ ತಗೋತಾಳ ಅಂತ ಬೆನ್ನ ತಿರುವಿ ನಿಂತ್ನಿರಿ. ಬಗಲಾಗ ಇತ್ತು, ಕೈ ಚಾಚಿದ್ರ ಸಿಗತಿತ್ತು. ಯಾಕೋ ತಗೊಳ್ಳಲಿಲ್ಲ."

ಮಾಳಸಿದ್ದ ಕಂಬಳಿಯ ಅಂಚನ್ನು ಬಾಯಿಗೆ ಒತ್ತಿಕೊಂಡ.

"ಹೆಂಗ ತಗೋತಾಳ್ರಿ? ನಾನ ಹೇಳಿದ್ನಿ ಆಕಿಗೆ, ಕಾಲೇಜಿಗೆ ಹಚ್ಚೂ ಮುಂದ. ಅವರು ಮಡಿ ಮಂದಿ, ನಮ್ದು ಕುರಿ ಮುಟ್ಟೂ ಕೈ. ಅವರ ಅಂಗಡ್ಯಾಗ ಯಾವದಕ್ಕೂ ಕೈ ಹಚ್ಚಬ್ಯಾಡ, ಅವರಾಗೇ ಕೊಟ್ರ ಇಸ್ಕೋ ಅಂತ. ಹೇಳಿದ ಮಾತು ಮೀರೂ ಹುಡುಗಿ ಅಲ್ರಿ ಅದು."

ಎರಡು ವರ್ಷ ಮರ್ಯಾದೆ ಎಂದುಕೊಂಡು ಮೆಚ್ಚಿದ್ದ ಆ ಜೋಡಿ ಅಂಗೈ ತಾತ್ಯಾಸಾಹೇಬನ ಕಣ್ಣ ಮುಂದೆ ಬಂತು. ಒಂದು ದಿನವಾದರೂ, ಮೇಲೆ ಬಾ ಮಗಳೇ, ನಿನಗೆ ಬೇಕಾದ್ದು ನೀನೇ ತಗೋ ಎಂದಿದ್ದರೆ! ಎದ್ದು ಟ್ರೇಯಿಂದ ಬನ್ನೊಂದನ್ನು ತೆಗೆದು, ಮೆಟ್ಟಿಲಿಳಿದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಮಾಡಿದ.

"ಇದನ್ನರ ತಗೋರಿ. ಮುದಿಕಿಗೆ ಒಯ್ರಿ. ಇಲ್ಲ ಅನ್ನಬ್ಯಾಡ್ರಿ."

ಮಾಳಸಿದ್ದನ ಅಂಗೈಗಳು ರೂಢಿಯಂತೆ ಜೋಡಿಯಾಗಿ ಮುಂದೆ ಬಂದವು. ಮಗಳು ಚಾಚುತ್ತಿದ್ದ ಹಾಗೆಯೇ. ಅಷ್ಟರಲ್ಲಿ ಏನೋ ನೆನಪಾಗಿ ಹಿಂದಕ್ಕೆ ಸರಿದವು. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ.

"ಬ್ಯಾಡ್ರಿ ಯಜಮಾನ್ರ. ಹೊತ್ತು ಮುಣಗೇತಿ. ನಿಮಗ ಮಗಾ ಅದಾನ, ನೇಮ ಕೆಡಿಸ್ಕೋಬ್ಯಾಡ್ರಿ."

ಕೈಮುಗಿದು, ರಸ್ತೆ ದಾಟಿ, ಕುರಿಗಳ ಕಡೆಗೆ ಹೋದ. ತಾತ್ಯಾಸಾಹೇಬ ಬನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಕೆಳಗೆ, ಕೋಮಲ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೇ ಇದ್ದ. ಮಂಗಲ ಬಂದು ಒಳಗೆ ಕರೆದಳು.